ಕಾಫಿಯೂ ಆಹಾರಶುದ್ಧಿಯೂ

ಚೆನ್ನೈಯ ಮೈಲಾಪುರ, ತಿರುವಲ್ಲಿಕ್ಕೇಣಿಗಳ ಹಳೆಯ ಮನೆಗಳಲ್ಲಿ ಏಕಾದಶಿಯಂದು ಅನ್ನದ ಅಗುಳೊಂದನ್ನೂ ಮುಟ್ಟದೆ ನಿಷ್ಠೆಯಿಂದ ಉಪವಾಸವಿರುವ ಹಿರಿಯರು ಬೆಳಗಿನ ಒಂದು ಲೋಟ ಕಾಫಿಯನ್ನು ಮಾತ್ರ ವ್ರತಭಂಗವೆಂದು ಎಣಿಸದೆ ಕುಡಿಯುವುದನ್ನು ಕಂಡವರು ಅನೇಕರಿರಬಹುದು. ನೀರನ್ನೂ ಬಿಡುವ ಕಟ್ಟಾ ವೈಷ್ಣವರ ಮಾತು ಬೇರೆ; ಉಳಿದವರನ್ನು ಕೇಳಿದರೆ ಕಾಫಿಗೆ ದೋಷವಿಲ್ಲವೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸ್ನಾನಕ್ಕೆ ಮೊದಲೇ ಕುಡಿಯಬಹುದಾದ, ಬಿಸಿನೀರಿನಲ್ಲಿ ಇಳಿಸಿದರೂ ಮುಸುರೆಯೆನಿಸದ ಈ ಪಾನೀಯಕ್ಕೆ ಇಂತಹ ಸವಲತ್ತನ್ನು ಕೊಟ್ಟ ಸ್ಮೃತಿಕಾರನು ಯಾರು? ಮನುವಾಗಲಿ ಯಾಜ್ಞವಲ್ಕ್ಯನಾಗಲಿ ಕಾಫಿಯನ್ನು ಕಂಡವರಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಂಬುವುದಾದರೆ, ನಮ್ಮ ಮಡಿಯ ಅಡುಗೆಮನೆಯನ್ನು ಹೊಕ್ಕ ಈ ವಸ್ತುವು ಒಬ್ಬ ಸೂಫಿಯ ಪ್ರಸಾದವೆಂದೇ ಹೇಳಬೇಕು.

ಸೂಫಿಗಳಿಗೂ ಇದು ನಾಲಗೆಯ ಸುಖಕ್ಕಾಗಿ ಬಂದುದಲ್ಲ. ಹದಿನೈದನೆಯ ಶತಮಾನದ ಯೆಮೆನ್‌ನಲ್ಲಿ ರಾತ್ರಿಯಿಡೀ ನಾಮಸ್ಮರಣೆ ಮಾಡುವ ಸಾಧಕರು ನಿದ್ರೆಯನ್ನು ಗೆಲ್ಲಲು ಇದನ್ನು ಸೇವಿಸುತ್ತಿದ್ದರು. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯ ಸನ್ನಿಧಿಯಲ್ಲಿ ವೈಕುಂಠ ಏಕಾದಶಿಯ ಜಾಗರಣೆಗೆ ನಿಂತ ಭಕ್ತನಿಗೆ ಅವರ ಕಷ್ಟ ಚೆನ್ನಾಗಿ ಅರ್ಥವಾದೀತು. ಆದರೂ 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಎಂಬಾತನು ಧರ್ಮಜ್ಞರನ್ನೂ ವೈದ್ಯರನ್ನೂ ಸಭೆ ಸೇರಿಸಿ, ಕಾಫಿಯು ನಿಷಿದ್ಧವೆಂದು ಸಾರಿ, ದಾಸ್ತಾನನ್ನು ಸುಡಿಸಿದನು. ಆ ಸಭೆಯಲ್ಲಿ ಒಬ್ಬನು ಎದ್ದು, ಇದು ಮದ್ಯದಂತೆಯೇ ಅಮಲೇರಿಸುತ್ತದೆಂದು ಸಾಕ್ಷಿ ನುಡಿಯಲು, ಹಾಗಾದರೆ ಮದ್ಯದ ಅಮಲು ನಿನಗೆ ಹೇಗೆ ತಿಳಿಯಿತೆಂಬ ಪ್ರಶ್ನೆ ಹುಟ್ಟಿ, ಅವನು ತನ್ನ ಪೂರ್ವಾನುಭವವನ್ನು ಒಪ್ಪಿಕೊಂಡು ಛಡಿಯೇಟು ತಿಂದನೆಂದು ಕಥೆಯಿದೆ. ಕೈರೋದ ಸುಲ್ತಾನನು ಆ ಕಟ್ಟುನಿಟ್ಟಾದ ನಿಷೇಧವನ್ನು ಎತ್ತಿಹಿಡಿಯಲಿಲ್ಲ.

ಮೆಕ್ಕಾದವರು ಸಭೆ ಸೇರಿಸಿ ಚರ್ಚಿಸಿದರು. ನಾವು ಚರ್ಚಿಸದೆಯೇ ಒಪ್ಪಿಕೊಂಡೆವು. ಆ ಚರ್ಚೆಗೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂದು ಛಾಂದೋಗ್ಯವು ಹೇಳುತ್ತದೆ. ಶಂಕರರು ಇಲ್ಲಿ ಆಹಾರವೆಂದರೆ ಇಂದ್ರಿಯಗಳು ಒಳಗೆ ತಂದುಕೊಳ್ಳುವ ವಿಷಯಗಳೆಲ್ಲವೂ ಎಂದು ಗ್ರಹಿಸಿ, ರಾಗದ್ವೇಷಗಳಿಲ್ಲದ ಅರಿವನ್ನೇ ಶುದ್ಧಿಯೆಂದರು. ಚೆನ್ನೈಗೆ ಸಮೀಪದ ಶ್ರೀಪೆರುಂಬುದೂರಿನಲ್ಲಿ ಅವತರಿಸಿದ ರಾಮಾನುಜರಾದರೋ ಉಣ್ಣುವ ಅನ್ನವನ್ನೇ ಹಿಡಿದು, ಪದಾರ್ಥದ ಸ್ವಭಾವದಿಂದ ಬರುವ ಜಾತಿದೋಷ, ಕೊಡುವವನಿಂದ ಬರುವ ಆಶ್ರಯದೋಷ, ಕೂದಲು ಕಸ ಬಿದ್ದು ಬರುವ ನಿಮಿತ್ತದೋಷ ಎಂದು ಮೂರನ್ನು ವಿಂಗಡಿಸಿದರು. ಈ ಮೂರರ ಮುಂದೆ ಕಾಫಿಯನ್ನು ಇಟ್ಟು ನೋಡಿದಾಗ ನನ್ನ ಮನಸ್ಸು ಕಳವಳಗೊಳ್ಳುತ್ತದೆ. ಚಿತ್ತವನ್ನು ಕೆರಳಿಸಿ, ಒಂದು ದಿನ ತಪ್ಪಿದರೆ ತಲೆನೋವು ತರುವ ಪದಾರ್ಥಕ್ಕೆ ಜಾತಿದೋಷವನ್ನು ಹೇಳುವುದೇ ನ್ಯಾಯವಾಗಿತ್ತು. ಕಾಫಿಯು ನಾಲಗೆಗೆ ಪ್ರಿಯವಾದುದರಿಂದ ಆ ದೋಷದ ಮಾತನ್ನು ಕೈಬಿಟ್ಟೆವು. ಆಶ್ರಯದೋಷವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡೆವು.

ಡಬರಿಯಿಂದ ಲೋಟಕ್ಕೆ, ಲೋಟದಿಂದ ಡಬರಿಗೆ ಮೊಳದುದ್ದದ ಧಾರೆಯಾಗಿ ಸುರಿದು ನೊರೆಯೆಬ್ಬಿಸಿ, ಅಂಚು ಹೊರಕ್ಕೆ ಬಾಗಿದ ಲೋಟವನ್ನು ಮೇಲೆತ್ತಿ, ತುಟಿ ತಾಗದಂತೆ ಗಂಟಲಿಗೆ ಇಳಿಸಿಕೊಳ್ಳುವ ವಿದ್ಯೆ ಎಂಜಲಿನ ಭಯದಿಂದಲೇ ಬೆಳೆಯಿತು. ಅದರಲ್ಲಿ ಶುಚಿತ್ವದ ವಿವೇಕವೂ ಉಂಟು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಭಯವು ಹೋಟೆಲಿನ ಬಾಗಿಲಿಗೆ ಏರಿ ‘ಬ್ರಾಹ್ಮಣರ ಕಾಫಿ ಹೋಟೆಲು’ ಎಂಬ ಫಲಕವಾದಾಗ, ಒಂದೇ ಸೂರಿನ ಕೆಳಗೆ ಬೇರೆ ಬೇರೆ ಪಂಕ್ತಿಗಳನ್ನು ಹಾಕಿಸಿದಾಗ, ಧರ್ಮವು ಎಲ್ಲಿ ಉಳಿಯಿತು? 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ಅಂತಹ ಫಲಕವೊಂದರ ವಿರುದ್ಧ ತಿಂಗಳುಗಟ್ಟಲೆ ಚಳವಳಿ ಹೂಡಿ ಸೆರೆಮನೆಗೆ ಹೋದರು. ಪೆರಿಯಾರರ ನಿರೀಶ್ವರವಾದವನ್ನು ನಾನು ಒಪ್ಪುವವನಲ್ಲ. ಆ ಫಲಕದ ವಿಷಯದಲ್ಲಿ ಅವರ ಪ್ರಶ್ನೆಗೆ ಆಸ್ತಿಕರಲ್ಲಿ ಉತ್ತರವಿರಲಿಲ್ಲವೆಂದು ಮಾತ್ರ ಹೇಳಲೇಬೇಕು. ಅದೇ ನಗರದಲ್ಲಿ ಇದಕ್ಕೆ ಬೇರೆಯಾದ ದೃಶ್ಯವೂ ಇತ್ತು: ಉಡುಪಿಯ ಸೀಮೆಯಿಂದ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದ ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ಡ್ರೈವ್-ಇನ್‌ನ ಮರಗಳ ನೆರಳಿನಲ್ಲಿ, 2008ರಲ್ಲಿ ಅದು ಮುಚ್ಚುವವರೆಗೂ, ಪರಸ್ಪರ ಕುಲಗೋತ್ರ ಕೇಳದ ಜನರು ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಿದ್ದರು.

ಗಾಂಧೀಜಿಯವರು ಚಹಾ ಕಾಫಿಗಳೆರಡನ್ನೂ ಅನಾವಶ್ಯಕವೆಂದು ಬರೆದವರು. ಅವರ ಸಾಬರಮತಿಯ ಆಶ್ರಮದಲ್ಲಿ ದಕ್ಷಿಣದೇಶದ ತರುಣನೊಬ್ಬನು ಆಮಶಂಕೆಯಿಂದ ಚೇತರಿಸಿಕೊಳ್ಳುತ್ತ ಕಾಫಿಗಾಗಿ ಹಂಬಲಿಸಿದಾಗ, ಹೊತ್ತಾಗಿದ್ದುದರಿಂದ ಕಸ್ತೂರಬಾ ಅವರನ್ನು ಎಬ್ಬಿಸಲು ಮನಸ್ಸಾಗದೆ ತಾವೇ ಅಡುಗೆಮನೆಗೆ ಹೋಗಿ ತಿಳಿಯಾದ ಕಾಫಿ ಮಾಡಿ, ತಟ್ಟೆಯ ಮೇಲೆ ಖಾದಿಯನ್ನು ಮುಚ್ಚಿ ತಂದುಕೊಟ್ಟರೆಂದು ಅವರ ಶಿಷ್ಯ ಜಿ. ರಾಮಚಂದ್ರನ್ ಹೇಳಿದ್ದಾರೆ. ತಮ್ಮ ವ್ರತವನ್ನು ತಮಗಾಗಿ ಕಾದುಕೊಂಡು, ರೋಗಿಯ ಬಯಕೆಗೆ ಅದನ್ನು ಅಡ್ಡ ತರದ ಆ ನಡತೆ ನಮ್ಮ ಏಕಾದಶಿಯ ಸವಲತ್ತಿಗೆ ನೇರ ವಿರುದ್ಧವಾದುದು: ನಾವು ನಿಯಮವನ್ನು ಸಡಿಲಿಸಿದ್ದು ನಮ್ಮ ನಾಲಗೆಗೆ, ಬಿಗಿಗೊಳಿಸಿದ್ದು ಪಕ್ಕದವನಿಗೆ.

ಫಲಕಗಳು ಇಂದು ಬಹುಮಟ್ಟಿಗೆ ಹೋಗಿವೆ. ಆದರೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕಾಫಿ ಕೊಡುವುದಕ್ಕೆಂದು ಹಿತ್ತಿಲಿನ ಗೂಡಿನಲ್ಲಿ ಬೇರೆಯಾಗಿಯೇ ಇಟ್ಟ ಲೋಟವು ಈಗಲೂ ಎಷ್ಟೋ ಮನೆಗಳಲ್ಲಿ ಇದೆ. ನಮ್ಮ ಲೋಟಗಳನ್ನೆಲ್ಲ ತೊಳೆದು ಶುದ್ಧಗೊಳಿಸುವ ಕೈಯಿಂದ ಆ ಒಂದು ಲೋಟಕ್ಕೆ ಯಾವ ದೋಷ ಅಂಟುವುದೆಂದು ಆಚಾರವಂತರು ನಮಗೆ ತಿಳಿಸಿಕೊಡಬೇಕು.