ಕಾಣದ್ದನ್ನು ಕಲಿಸುವ ಹಕ್ಕು

ಭಾರತೀಯ ನ್ಯಾಯದರ್ಶನವು ತಿಳಿವಿನ ಸಾಧನಗಳನ್ನು ಪ್ರಮಾಣಗಳೆಂದು ಕರೆದು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಒಪ್ಪುತ್ತದೆ. ಇಂದ್ರಿಯಗಳಿಗೆ ನೇರವಾಗಿ ದಕ್ಕುವುದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವಂತೆ ಒಂದರಿಂದ ಇನ್ನೊಂದನ್ನು ಅರಿಯುವುದು ಅನುಮಾನ. ಹೋಲಿಕೆಯಿಂದ ಗುರುತಿಸುವುದು ಉಪಮಾನ. ಆಪ್ತನಾದವನ ಮಾತಿನಿಂದ ತಿಳಿಯುವುದು ಶಬ್ದ. ಈ ಕೊನೆಯ ಪ್ರಮಾಣದ ಭಾರವೆಲ್ಲ ‘ಆಪ್ತ’ ಎಂಬ ಪದದ ಮೇಲೆ ಬೀಳುವುದರಿಂದ, ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆ ಪದವನ್ನು ಎಚ್ಚರದಿಂದ ಬಿಡಿಸುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡಿರುವವನು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆಯುಳ್ಳವನು, ಆ ಇಚ್ಛೆಯಿಂದಲೇ ಉಪದೇಶಕ್ಕೆ ತೊಡಗುವವನು ಆಪ್ತ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹುಟ್ಟಾಗಲಿ ಪದವಿಯಾಗಲಿ ನೇಮಕಾತಿಯ ಆದೇಶವಾಗಲಿ ಈ ಲಕ್ಷಣದೊಳಗೆ ಬರುವುದಿಲ್ಲ. ಹಾಗಾದರೆ ತಾನು ಕಾಣದ್ದನ್ನು, ಬರಿದೆ ಕೇಳಿದ್ದನ್ನು, ಇನ್ನೊಬ್ಬರಿಗೆ ಕಲಿಸಲು ನಿಂತವನ ಸ್ಥಾನವೇನು ಎಂಬ ಪ್ರಶ್ನೆ ಏಳುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಗಣಿತ ಶಿಕ್ಷಕರಾಗಲು ತರಬೇತಿ ಪಡೆಯುವವರ ಕಷ್ಟವನ್ನು ಸಾಮಾನ್ಯವಾಗಿ ಕೌಶಲದ ಕೊರತೆಯೆಂದು ಎಣಿಸಲಾಗುತ್ತದೆ. ಅದನ್ನು ಈ ಪ್ರಶ್ನೆಯ ಬೆಳಕಿನಲ್ಲಿಟ್ಟು ನೋಡಿದಾಗ ಮಾತ್ರ ಅದರ ನಿಜವಾದ ಬೇರು ಕಾಣಿಸಿಕೊಳ್ಳುತ್ತದೆ.

ಗಣಿತದಲ್ಲಿ ಈ ಪ್ರಶ್ನೆ ವಿಶೇಷವಾಗಿ ಚುಚ್ಚಲು ಕಾರಣವಿದೆ. ಒಂದು ಊರಿನ ಇತಿಹಾಸವನ್ನೋ ದೂರದ ಖಂಡದ ಹವಾಮಾನವನ್ನೋ ಬಲ್ಲವರ ಮಾತನ್ನು ನಂಬದೆ ತಿಳಿಯಲಾಗದು. ಗಣಿತವಾದರೋ ಯಾರ ಮಾತಿನ ಹಂಗೂ ಇಲ್ಲದೆ, ಕುಳಿತಲ್ಲೇ ಕುಳಿತು, ಯುಕ್ತಿಯೊಂದರಿಂದಲೇ ಕಂಡುಕೊಳ್ಳಬಹುದಾದ ವಿದ್ಯೆಯೆಂದು ಹೆಸರಾಗಿದೆ. ಆದರೂ ಬಹುಪಾಲು ಜನ ಗಣಿತವನ್ನು ಕಲಿಯುವುದು ಶಬ್ದಪ್ರಮಾಣದಿಂದಲೇ. ಮಗ್ಗಿಯಿಂದ ಹಿಡಿದು ವರ್ಗ ಸಮೀಕರಣದ ಸೂತ್ರದವರೆಗೆ ಎಲ್ಲವೂ ಮೇಷ್ಟರು ಹೇಳಿದ್ದು, ಪುಸ್ತಕದಲ್ಲಿ ಅಚ್ಚಾಗಿದ್ದು, ಪರೀಕ್ಷೆಯಲ್ಲಿ ಬರೆದದ್ದು. ಯುಕ್ತಿಯ ಶಾಸ್ತ್ರವೊಂದು ಹೀಗೆ ಶ್ರುತಿಯಾಗಿ ಹರಿದು ಬರುತ್ತಿರುವಾಗ ಆ ಹರಿವಿನ ಮುಂದಿನ ಕೊಂಡಿಯಾಗಬೇಕಾದ ಯುವಕ ಯುವತಿಯರು ಬಿ.ಇಡಿ. ತರಗತಿಗೆ ಬಂದು ಕೂರುತ್ತಾರೆ. ಇವರಲ್ಲಿ ಕೆಲವರು ಬಿ.ಎಸ್ಸಿ. ಮುಗಿಸಿ ಎರಡು ವರ್ಷದ ತರಬೇತಿಗೆ ಸೇರಿದವರು. ಇನ್ನು ಕೆಲವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆಗಳಲ್ಲಿ ಪದವಿಯನ್ನೂ ಬೋಧನೆಯನ್ನೂ ಒಟ್ಟಿಗೇ ನಾಲ್ಕು ವರ್ಷ ಓದುವವರು. ಅವಕಲ ಸಮೀಕರಣಗಳನ್ನೂ ಅಮೂರ್ತ ಬೀಜಗಣಿತವನ್ನೂ ದಾಟಿ ಬಂದ ಇವರನ್ನು ತಬ್ಬಿಬ್ಬು ಮಾಡುವುದು ಏಳನೆಯ ತರಗತಿಯ ಭಿನ್ನರಾಶಿ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಇದನ್ನು ಎರಡು ಸಲ ಆಗುವ ಕಡಿತವೆಂದು ಗುರುತಿಸಿದ್ದ: ವಿಶ್ವವಿದ್ಯಾಲಯಕ್ಕೆ ಕಾಲಿಡುವಾಗ ವಿದ್ಯಾರ್ಥಿ ಶಾಲೆಯ ಗಣಿತವನ್ನು ಬಾಗಿಲಲ್ಲೇ ಬಿಟ್ಟು ಬರುತ್ತಾನೆ, ಶಿಕ್ಷಕನಾಗಿ ಶಾಲೆಗೆ ಮರಳುವಾಗ ವಿಶ್ವವಿದ್ಯಾಲಯದ ಗಣಿತವನ್ನು ಬಿಟ್ಟು ಹೋಗುತ್ತಾನೆ, ಎರಡರ ನಡುವೆ ಸೇತುವೆ ಬೀಳುವುದೇ ಇಲ್ಲ.

ಭಿನ್ನರಾಶಿಯ ಭಾಗಾಕಾರವನ್ನೇ ತೆಗೆದುಕೊಳ್ಳಬಹುದು. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಏಕೆ ತಲೆಕೆಳಗು ಮಾಡಬೇಕೆಂದು ಕೇಳಿದರೆ ಉತ್ತರ ತಡವರಿಸುತ್ತದೆ. ಲಿಪಿಂಗ್ ಮಾ ಎಂಬ ವಿದುಷಿ 1999ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಅಮೆರಿಕದ 23 ಮತ್ತು ಚೀನಾದ 72 ಶಿಕ್ಷಕರನ್ನು ಹೋಲಿಸುತ್ತದೆ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆ ಲೆಕ್ಕಕ್ಕೆ ಹೊಂದುವ ಸಣ್ಣ ಸಂದರ್ಭವೊಂದನ್ನು ಹೇಳಿ ಎಂಬುದು ಅದರಲ್ಲಿದ್ದ ಒಂದು ಪ್ರಶ್ನೆ. ಚೀನಾದ ಎಲ್ಲರೂ ಲೆಕ್ಕವನ್ನು ಸರಿಯಾಗಿ ಮಾಡಿದರು, ಹೆಚ್ಚಿನವರು ಸಂದರ್ಭವನ್ನೂ ಹೇಳಿದರು. ಅಮೆರಿಕದ ಗುಂಪಿನಲ್ಲಿ ಅರ್ಥಕ್ಕೆ ಹೊಂದುವ ಸಂದರ್ಭ ಹೇಳಿದ್ದು ಒಬ್ಬರು ಮಾತ್ರ. ಹಲವರು ಅರ್ಧದಿಂದ ಭಾಗಿಸುವುದನ್ನು ಎರಡರಿಂದ ಭಾಗಿಸುವುದರೊಡನೆ ಕಲಸಿಕೊಂಡು, ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಹಂಚುವಂಥ ಕಥೆ ಕಟ್ಟಿದರು. ಇದನ್ನು ಓದಿ ನಗುವ ಮೊದಲು ನಮ್ಮ ಯಾವುದೇ ತರಬೇತಿ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಕೇಳಿ ನೋಡುವುದು ಒಳ್ಳೆಯದು.

ಅಚ್ಚರಿಯೆಂದರೆ, ಈ ಲೆಕ್ಕವನ್ನು ಕಾಣಿಸುವ ಸಾಮಗ್ರಿ ಕನ್ನಡದ ಹಳೆಯ ಅಡುಗೆಮನೆಯಲ್ಲೇ ಇತ್ತು. ಸೇರಿನ ಕಾಲುಭಾಗ ಪಾವು, ಅರ್ಧಭಾಗ ಅಚ್ಚೇರು. ಒಂದೂಮುಕ್ಕಾಲು ಸೇರು ಅಕ್ಕಿಯೆಂದರೆ ಏಳು ಪಾವು. ಅಚ್ಚೇರೆಂದರೆ ಎರಡು ಪಾವು. ಏಳು ಪಾವನ್ನು ಎರಡೆರಡು ಪಾವಿನಂತೆ ಅಳೆದರೆ ಮೂರು ಅಳತೆ ತುಂಬಿ, ನಾಲ್ಕನೆಯದು ಅರ್ಧಕ್ಕೆ ನಿಲ್ಲುತ್ತದೆ. ಉತ್ತರ ಮೂರೂವರೆ. ಇಲ್ಲಿ ಯಾವುದನ್ನೂ ತಲೆಕೆಳಗು ಮಾಡಲಿಲ್ಲ. ಎರಡು ಪರಿಮಾಣಗಳನ್ನೂ ಒಂದೇ ಅಳತೆಗೆ ತಂದು, ಒಂದರಲ್ಲಿ ಇನ್ನೊಂದು ಎಷ್ಟು ಸಲ ಇದೆಯೆಂದು ಕೇಳಲಾಯಿತು, ಅಷ್ಟೇ. ಛೇದಗಳನ್ನು ಸಮಮಾಡಿ ಅಂಶಗಳನ್ನು ಭಾಗಿಸುವುದೆಂದರೆ ಇದೇ, ತಲೆಕೆಳಗು ಮಾಡಿ ಗುಣಿಸುವುದು ಈ ಕೆಲಸದ ಸಂಕ್ಷೇಪ ರೂಪ. ಇದನ್ನು ಒಮ್ಮೆ ಕಂಡವನು ನಿಯಮವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲ. ಕಾಣದವನು ನಿಯಮವನ್ನು ಮರೆಯದೆ ಇದ್ದರೂ ಅದರ ಮೇಲೆ ಅವನಿಗೆ ಒಡೆತನವಿಲ್ಲ.

ಋಣಸಂಖ್ಯೆಗಳಲ್ಲಿ ತೊಡಕು ಇನ್ನೂ ಆಳದ್ದು. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಸಂಖ್ಯೆಗಳನ್ನು ಧನ, ಋಣ, ಅಂದರೆ ಆಸ್ತಿ ಮತ್ತು ಸಾಲ ಎಂದು ವಿಂಗಡಿಸಿದ. ಆ ಪದಗಳು ಇಂದಿಗೂ ಕನ್ನಡ ಪಠ್ಯಪುಸ್ತಕಗಳಲ್ಲಿ ಉಳಿದಿವೆ. ಕೂಡುವ ಕಳೆಯುವ ಲೆಕ್ಕಗಳಲ್ಲಿ ಈ ರೂಪಕ ಸೊಗಸಾಗಿ ದುಡಿಯುತ್ತದೆ. ಹತ್ತು ರೂಪಾಯಿ ಇದ್ದವನ ಮೇಲೆ ಹದಿನೈದು ರೂಪಾಯಿ ಸಾಲವಿದ್ದರೆ ಅವನು ಐದು ರೂಪಾಯಿ ಋಣದಲ್ಲಿರುತ್ತಾನೆಂದು ಮಕ್ಕಳು ತಡವಿಲ್ಲದೆ ಒಪ್ಪುತ್ತಾರೆ. ಗುಣಾಕಾರ ಬಂದ ಕೂಡಲೇ ರೂಪಕ ಕೈಕೊಡುತ್ತದೆ: ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ ಹೇಗೆ ಬಂದೀತು? ಫ್ರೆಂಚ್ ಕಾದಂಬರಿಕಾರ ಸ್ಟೆಂಡಾಲ್ ತನ್ನ ಆತ್ಮಕಥೆಯಲ್ಲಿ ಬಾಲ್ಯದ ಇದೇ ಗೋಳನ್ನು ತೋಡಿಕೊಳ್ಳುತ್ತಾನೆ. 10,000 ಫ್ರಾಂಕ್ ಸಾಲವನ್ನು 500 ಫ್ರಾಂಕ್ ಸಾಲದಿಂದ ಗುಣಿಸಿದವನಿಗೆ 50 ಲಕ್ಷ ಫ್ರಾಂಕ್‌ಗಳ ಐಶ್ವರ್ಯ ಹೇಗೆ ಒದಗುತ್ತದೆಂಬುದು ಅವನ ಶಂಕೆ, ಅದನ್ನು ಬಗೆಹರಿಸಬಲ್ಲ ಶಿಕ್ಷಕರು ಅವನಿಗೆ ಸಿಗಲಿಲ್ಲ. ಪ್ರಶಿಕ್ಷಣಾರ್ಥಿಯು, ಅಂದರೆ ತರಬೇತಿಯಲ್ಲಿರುವ ಭಾವಿ ಶಿಕ್ಷಕನು, ಇಲ್ಲಿ ಎರಡು ದಾರಿಗಳ ನಡುವೆ ಸಿಲುಕುತ್ತಾನೆ. ಸಾಲದ ಕಥೆಯನ್ನೇ ಎಳೆದು, ಐದು ರೂಪಾಯಿಯ ಮೂರು ಸಾಲಗಳನ್ನು ಯಾರೋ ಮನ್ನಾ ಮಾಡಿದರೆ ಹದಿನೈದು ರೂಪಾಯಿ ಲಾಭವಾದಂತೆ ಎಂದು ಹೇಳಬಹುದು. ಆಗ ಗುಣಕವಾಗಿರುವ ಋಣ ಮೂರು ಸಾಲವಾಗಿ ಉಳಿಯದೆ ‘ತೆಗೆದುಹಾಕುವ ಕ್ರಿಯೆ’ಯಾಗಿ ವೇಷ ಬದಲಿಸಿದ್ದನ್ನು ಚುರುಕಾದ ಮಗು ಗಮನಿಸದೆ ಇರದು. ಇಲ್ಲವೇ ಯುಕ್ತಿಯ ದಾರಿ ಹಿಡಿಯಬಹುದು: ಒಂದು ಮತ್ತು ಋಣ ಒಂದರ ಮೊತ್ತ ಸೊನ್ನೆ, ಸೊನ್ನೆಯನ್ನು ಋಣ ಒಂದರಿಂದ ಗುಣಿಸಿದರೂ ಸೊನ್ನೆಯೇ, ಆ ಗುಣಲಬ್ಧವನ್ನು ಬಿಡಿಸಿದರೆ ಒಂದು ಭಾಗ ಋಣ ಒಂದು, ಆದುದರಿಂದ ಸೊನ್ನೆ ಸರಿದೂಗಲು ಇನ್ನೊಂದು ಭಾಗ, ಅಂದರೆ ಋಣ ಒಂದು ಗುಣಿಸು ಋಣ ಒಂದು, ಧನ ಒಂದೇ ಆಗಬೇಕು. ಈ ಯುಕ್ತಿ ಎಲ್ಲಿಯೂ ಸೋರುವುದಿಲ್ಲ. ಆದರೆ ಅದು ಇನ್ನೊಂದು ತತ್ತ್ವಪ್ರಶ್ನೆಯನ್ನು ಬಿಚ್ಚುತ್ತದೆ: ಹೀಗೆ ಭಾಗಭಾಗವಾಗಿ ಗುಣಿಸಿ ಬಿಡಿಸಬಹುದೆಂಬ, ಧನಸಂಖ್ಯೆಗಳಲ್ಲಿ ಕಂಡ ಹಂಚಿಕೆಯ ನಿಯಮ ಋಣಸಂಖ್ಯೆಗಳಲ್ಲೂ ನಿಲ್ಲಬೇಕೆಂದು ಹೇಳಿದವರು ಯಾರು? ಹಾಗೆ ಇರುವುದು ಲೋಕದ ಸ್ವಭಾವವೋ, ಹಾಗಿರಲಿ ಎಂಬ ಮನುಷ್ಯರ ನಿರ್ಣಯವೋ?

ಭಾವಿ ಶಿಕ್ಷಕರ ಗೊಂದಲದ ತಿರುಳು ಇಲ್ಲಿಯೇ ಇದೆಯೆನ್ನಬೇಕು. ಶಾಲಾ ಗಣಿತದ ವಾಕ್ಯಗಳೆಲ್ಲ ಒಂದೇ ಜಾತಿಯವಲ್ಲ. ಕೂಡುವ ಮೊದಲು ಗುಣಿಸಬೇಕೆಂಬುದು ಬರವಣಿಗೆಯ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ, ಶಾಸ್ತ್ರದ ಮಾತಿನಲ್ಲಿ ಸಂಕೇತ. ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂಬುದು ಯುಕ್ತಿಯಿಂದ ಸಾಧಿಸಿದ ಪ್ರಮೇಯ. ಸೊನ್ನೆಯಲ್ಲದ ಯಾವುದೇ ಸಂಖ್ಯೆಯ ಸೊನ್ನೆಯ ಘಾತ ಒಂದು ಎಂಬುದು ಹಳೆಯ ನಿಯಮಗಳು ಕೆಡದಂತೆ ನೋಡಿಕೊಂಡು ಮಾಡಿದ ವಿಸ್ತರಣೆ. ಮೂರೂ ಪುಸ್ತಕದಲ್ಲಿ ಒಂದೇ ಬಣ್ಣದ ಚೌಕಟ್ಟಿನೊಳಗೆ, ಒಂದೇ ಧ್ವನಿಯಲ್ಲಿ ಬರುತ್ತವೆ. ಶಬ್ದದಿಂದಷ್ಟೇ ಪಡೆದವನಿಗೆ ಇವುಗಳ ಭೇದ ತಿಳಿಯುವ ಬಗೆಯೇ ಇಲ್ಲ. ಒಪ್ಪಂದಕ್ಕೆ ಕಾರಣ ಹುಡುಕಿ ಸೋಲುತ್ತಾನೆ, ಪ್ರಮೇಯವನ್ನು ಒಪ್ಪಂದದಂತೆ ಹೇರುತ್ತಾನೆ.

ಚಟುವಟಿಕೆಯ ಮೂಲಕ ಕಲಿಸಬೇಕೆಂಬ ಈಚಿನ ಆಗ್ರಹ ಈ ಗೊಂದಲವನ್ನು ಕೆಲವೊಮ್ಮೆ ಹೆಚ್ಚಿಸಿದೆ. ಮಗುವಿನ ಆಲೋಚನೆಯನ್ನೇ ಗಣಿತೀಯವಾಗಿಸುವುದು ಗುರಿಯೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಅದು ಬಹಳ ಸಲ ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು ಒಂದು ಗೆರೆಯ ಮೇಲೆ ಜೋಡಿಸಿ, ನೋಡಿ, ಸಾಧಿಸಿದೆವು ಎನ್ನುವಲ್ಲಿಗೆ ನಿಲ್ಲುತ್ತದೆ. ಹರಿದ ಕಾಗದ ಆ ಒಂದು ತ್ರಿಭುಜದ ಪ್ರತ್ಯಕ್ಷ. ಅದೂ ಕತ್ತರಿ ಸೊಟ್ಟಗಾದರೆ ಅಷ್ಟೂ ಅಲ್ಲ. ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳ ಸಮತ್ವವನ್ನು ನೋಡಿದವನಿಗೆ ಮಾತ್ರ ಯಾರೂ ಎಂದೂ ಬರೆಯದ ತ್ರಿಭುಜದ ಬಗೆಗೂ ಮಾತನಾಡುವ ಅಧಿಕಾರ ಬರುತ್ತದೆ. ನಮ್ಮ ಪರಂಪರೆ ಇಂಥ ಸಾಧನೆಯನ್ನು ಉಪಪತ್ತಿ ಎಂದು ಕರೆಯಿತು. ಉಪಪತ್ತಿಯನ್ನು ಅರಿಯದೆ ಲೆಕ್ಕವನ್ನಷ್ಟೇ ಬಲ್ಲವನಿಗೆ ವಿದ್ವಾಂಸರ ಸಭೆಯಲ್ಲಿ ಮನ್ನಣೆಯಿಲ್ಲ, ಅವನಿಗೆ ತನ್ನ ಸಂಶಯವೂ ತೀರುವುದಿಲ್ಲ ಎಂಬ ಅರ್ಥದ ಮಾತನ್ನು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ಸಿದ್ಧಾಂತಶಿರೋಮಣಿಯಲ್ಲಿ ಆಡಿದ್ದಾನೆ. ಸಭೆಯ ಮನ್ನಣೆಯ ಜೊತೆಗೆ ಸ್ವಂತ ಸಂಶಯವನ್ನೂ ಅವನು ಎಣಿಸಿದ್ದು ಗಮನಾರ್ಹ.

ಇಷ್ಟಾದರೂ ಎಲ್ಲವನ್ನೂ ಕಂಡೇ ಕಲಿಸಬೇಕೆಂಬ ನಿಲುವು ಪೂರ್ತಿ ನಿಲ್ಲುವುದಿಲ್ಲ. ಲುಡ್ವಿಗ್ ವಿಟ್ಗೆನ್‌ಸ್ಟೈನ್ ಎಂಬ ತತ್ತ್ವಜ್ಞಾನಿ 1919–20ರಲ್ಲಿ ವಿಯೆನ್ನಾದಲ್ಲಿ ಶಿಕ್ಷಕ ತರಬೇತಿ ಪಡೆದು, 1926ರವರೆಗೆ ಆಸ್ಟ್ರಿಯಾದ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿದ್ದವನು; ಅವನ ಮರಣಾನಂತರ 1953ರಲ್ಲಿ ಹೊರಬಂದ ಪುಸ್ತಕದಲ್ಲಿ ಪಾಠದ ಕೋಣೆಯ ಒಂದು ದೃಶ್ಯ ಬರುತ್ತದೆ. ಎರಡೆರಡು ಕೂಡುತ್ತಾ ಹೋಗು ಎಂದಾಗ ಸಾವಿರದವರೆಗೆ ಸರಿಯಾಗಿ ಬರೆದ ಶಿಷ್ಯ, ಅನಂತರ 1004, 1008 ಎಂದು ಬರೆಯುತ್ತಾನೆ, ಮತ್ತು ತಾನು ಮೊದಲಿನಂತೆಯೇ ಮುಂದುವರಿದೆನೆಂದು ನಂಬಿರುತ್ತಾನೆ. ‘ಮೊದಲಿನಂತೆಯೇ’ ಎಂಬುದನ್ನು ಇನ್ನೊಂದು ನಿಯಮದಿಂದ ವಿವರಿಸಿದರೆ ಆ ನಿಯಮವನ್ನೂ ಅವನು ಹಾಗೆಯೇ ತಪ್ಪಾಗಿ ಗ್ರಹಿಸಬಹುದು. ಕಾರಣಗಳ ಸರಪಳಿ ಎಲ್ಲೋ ಮುಗಿದು, ನಾವು ಹೀಗೆ ಮಾಡುತ್ತೇವೆ ಎಂಬ ಅಭ್ಯಾಸದ ನೆಲ ಸಿಗುತ್ತದೆ. ಹಾಗಾದರೆ ಮಗ್ಗಿ ಬಾಯಿಪಾಠ ಮಾಡಿಸುವ ಮೇಷ್ಟರು ಪೂರ್ತಿ ತಪ್ಪಿತಸ್ಥರಲ್ಲ. ಅವರು ನಿಂತಿರುವ ನೆಲ ಎಲ್ಲರದೂ ಹೌದು. ಆಪ್ತತ್ವಕ್ಕೆ ಬೇಕಾದುದು ಸರ್ವಜ್ಞತೆಗಿಂತ ಕಿರಿದಾದ, ಆದರೆ ಅಷ್ಟೇ ದುರ್ಲಭವಾದ ಗುಣ: ತನ್ನ ಕಾಣ್ಕೆ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿಂದ ಮುಂದಿನದು ಕೇಳಿದ್ದು, ಎಲ್ಲಿ ಒಪ್ಪಂದ ತೊಡಗುತ್ತದೆ ಎಂಬ ಗಡಿಯ ಅರಿವು.

ಈ ಅರಿವು ಹುಟ್ಟುವ ಹೊತ್ತು ಸುಖದ್ದಲ್ಲ. ಉಪನಿಷತ್ತಿನ ಪರಂಪರೆ ತಿಳಿವಿಗೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಹಂತಗಳನ್ನು ಹೇಳುತ್ತದೆ; ಕೇಳುವುದು, ಕೇಳಿದ್ದನ್ನು ಯುಕ್ತಿಯಿಂದ ತಿರುವಿ ನೋಡಿ ಸಂಶಯ ಕಳೆಯುವುದು, ಅದರಲ್ಲೇ ನೆಲೆನಿಲ್ಲುವುದು. ಆತ್ಮವಿಚಾರಕ್ಕೆಂದು ಹೇಳಿದ ಈ ಕ್ರಮವನ್ನು ಭಿನ್ನರಾಶಿಗೆ ಅನ್ವಯಿಸುವುದು ಅತಿಯೆನಿಸಬಹುದಾದರೂ, ಹದಿನೈದು ವರ್ಷ ಶ್ರವಣದಲ್ಲೇ ಕಳೆದವರಿಗೆ ಮನನ ಒಮ್ಮೆಗೇ ಎದುರಾಗುವುದು ಈ ತರಬೇತಿಯಲ್ಲಿಯೇ ಎಂಬುದು ನಿಜ. ನೂರಕ್ಕೆ ನೂರು ಅಂಕ ಪಡೆದಿದ್ದ ವಿಷಯದಲ್ಲೇ ತನಗೆ ಏನೂ ಗೊತ್ತಿರಲಿಲ್ಲವೆಂದು ಕಾಣುವ ಕ್ಷಣದಲ್ಲಿ ನಾಚಿಕೆಯೂ ಸಿಟ್ಟೂ ಸಹಜ. ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಚೌಕದ ವಿಸ್ತೀರ್ಣವನ್ನು ಇಮ್ಮಡಿಸಲು ಹೊರಟ ಆಳುಹುಡುಗ ಮೊದಲು ಬಾಹುವನ್ನೇ ಇಮ್ಮಡಿಸುತ್ತಾನೆ, ಆಮೇಲೆ ಎರಡಡಿಯ ಬಾಹುವನ್ನು ಮೂರಡಿಯಾಗಿಸುತ್ತಾನೆ, ಕೊನೆಗೆ ತನಗೆ ಗೊತ್ತಿಲ್ಲವೆಂದು ಒಪ್ಪುತ್ತಾನೆ. ಕರ್ಣದ ಮೇಲೆ ಕಟ್ಟಿದ ಚೌಕ ಅವನಿಗೆ ಕಾಣುವುದು ಆ ಒಪ್ಪಿಗೆಯ ನಂತರ. ಅವನನ್ನು ದಿಕ್ಕೆಡಿಸಿದ್ದರಿಂದ ಹಾನಿಯಾಯಿತೇ ಎಂದು ಸಾಕ್ರೆಟಿಸ್ ಮೆನೋನನ್ನು ಕೇಳುತ್ತಾನೆ. ಪಾಠಯೋಜನೆಯ ನಮೂನೆಯಲ್ಲಿ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿವೆ, ದಿಕ್ಕೆಡುವುದಕ್ಕೆ ಅಂಕಣವಿಲ್ಲ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿರುವಾಗ ‘ಇದು ನನಗೆ ತಿಳಿಯದು, ನಾಳೆ ನೋಡಿ ಹೇಳುತ್ತೇನೆ’ ಎಂದ ಪ್ರಶಿಕ್ಷಣಾರ್ಥಿಗೆ ಸಿಗುವ ಅಂಕ ಎಷ್ಟೆಂದು ಊಹಿಸುವುದು ಕಷ್ಟವಲ್ಲ.

ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ಮಹಾ ಆಚಾರ್ಯರೂ ಒಮ್ಮತಕ್ಕೆ ಬರಲಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ ಬ್ರಹ್ಮಗುಪ್ತ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದ. ಪಾಲು ಕೇಳುವವರೇ ಇಲ್ಲದಿದ್ದರೆ ರಾಶಿ ಕರಗುವುದಿಲ್ಲವಲ್ಲ ಎಂಬ ಎಣಿಕೆ ಅದರ ಹಿಂದೆ ಇದ್ದಿರಬಹುದು. ಭಾಸ್ಕರ ಸೊನ್ನೆಯಿಂದ ಭಾಗಿಸಿ ಬಂದ ರಾಶಿಯನ್ನು ಖಹರವೆಂದು ಕರೆದು, ಸೃಷ್ಟಿ ಪ್ರಳಯಗಳಲ್ಲಿ ಜೀವರಾಶಿ ಹೊರಬಂದರೂ ಒಳಹೊಕ್ಕರೂ ವಿಕಾರವಾಗದ ಅಚ್ಯುತನಿಗೆ ಹೋಲಿಸಿದ. ಇಂದಿನ ಗಣಿತ ಈ ಮೂರನ್ನೂ ಒಪ್ಪದೆ, ಉತ್ತರವನ್ನು ವ್ಯಾಖ್ಯಾನಿಸಿಲ್ಲ ಎನ್ನುತ್ತದೆ. ಎಂಟನ್ನು ಸೊನ್ನೆಯಿಂದ ಭಾಗಿಸುವುದೆಂದರೆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ ಎಂಟು ಬರುತ್ತದೆಂದು ಕೇಳುವುದು, ಅಂಥ ಸಂಖ್ಯೆ ಒಂದೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಾಗ ಅದೇ ಪ್ರಶ್ನೆಗೆ ಐದೂ ಉತ್ತರ, ನೂರೂ ಉತ್ತರ, ಯಾವ ಸಂಖ್ಯೆಯಾದರೂ ಉತ್ತರ. ಒಂದು ಕಡೆ ಉತ್ತರದ ಬರ, ಇನ್ನೊಂದು ಕಡೆ ಉತ್ತರಗಳ ನೆರೆ. ಕರಿಹಲಗೆಯ ಮೇಲೆ ಎರಡರ ಮುಂದೆಯೂ ಬೀಳುವುದು ‘ವ್ಯಾಖ್ಯಾನಿಸಿಲ್ಲ’ ಎಂಬ ಒಂದೇ ಪದ, ಮತ್ತು ಮೊದಲ ಬೆಂಚಿನ ಹುಡುಗಿ ಕೈಯೆತ್ತಿ ಏಕೆಂದು ಕೇಳುವವರೆಗೆ ಅದನ್ನು ಬರೆದವರು ಕಂಡಿದ್ದಾರೆಯೋ ಕೇಳಿದ್ದಾರೆಯೋ ತಿಳಿಯುವುದಿಲ್ಲ.