ಒಂದು ಯಂತ್ರ, ಎರಡು ಆಳ್ವಿಕೆ

ಎರಡು ದೋಣಿಯಲ್ಲಿ ಕಾಲಿಡಬಾರದೆಂಬುದು ಹಿರಿಯರ ಮಾತು. ಕಂಪ್ಯೂಟರಿನ ಲೋಕದಲ್ಲಿ ಈ ಮಾತಿಗೊಂದು ಅಪವಾದವುಂಟು. ಯಂತ್ರವನ್ನು ಆಳುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಒಂದೇ ಯಂತ್ರದಲ್ಲಿ ವಿಂಡೋಸನ್ನು ಉಳಿಸಿಕೊಂಡೇ ಅದರ ಪಕ್ಕದಲ್ಲಿ ಲಿನಕ್ಸನ್ನೂ ನೆಲೆಗೊಳಿಸಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಇನ್ನೂ ಗಟ್ಟಿಯಾಗಿದ್ದ ಅನೇಕ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾಗಲಿಲ್ಲ. ಹಳೆಯದನ್ನು ಬಿಡಬೇಕೆ, ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಭಾರತೀನಗರದಂಥ ಸಣ್ಣ ಊರಿನ ಮೇಜಿಗೂ ಬಂದಿತು.

ಬಿಡುವುದು ಕನ್ನಡಿಗನಿಗೆ ಸುಲಭವಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ' ವಿಂಡೋಸಿಗಾಗಿ ರೂಪುಗೊಂಡದ್ದು. ಯೂನಿಕೋಡ್ ರೂಢಿಗೆ ಬರುವ ಮುನ್ನ ಅದರಲ್ಲಿ ಬೆರಳಚ್ಚಾದ ಬರಹವನ್ನು ಆ ಅಕ್ಷರಗಳಿಲ್ಲದ ಕಡೆ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಪರಿವರ್ತಕಗಳುಂಟು, ಆದರೆ ಪರಿವರ್ತಿಸಿದ ಪ್ರತಿಯೊಂದು ಪುಟವನ್ನೂ ಕಣ್ಣಿಟ್ಟು ಓದಬೇಕು. ಇನ್ನೊಬ್ಬರು ನಂಬಿ ಕೊಟ್ಟ ಬರಹ ನಮ್ಮಲ್ಲಿರುವಾಗ ಹಳೆಯದನ್ನು ಉಳಿಸಿಕೊಳ್ಳುವುದು ಸೋಮಾರಿತನವಲ್ಲ, ಋಣ.

ಹಾಗಾದರೆ ಹೊಸದೇಕೆ? 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಹೊರತಂದರು. ಬಳಸುವ, ಅರಿಯುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಬಳಸುವವನದೇ ಎಂಬುದು ಗ್ನೂ ಯೋಜನೆಯ ತತ್ತ್ವ. ಋಣದಂತೆ ಸ್ವಾತಂತ್ರ್ಯವೂ ಧರ್ಮವೇ.

ಇವೆರಡನ್ನೂ ಕೂಡಿಸುವ ಕೆಲಸಕ್ಕೆ ಕ್ರಮವುಂಟು. ಮೊದಲು ಎಲ್ಲ ಬರಹಗಳ ಪ್ರತಿಯನ್ನು ಬೇರೆ ಕಡೆ ಇಡಬೇಕು; ಕೈತಪ್ಪಿದರೆ ಎಲ್ಲವೂ ಅಳಿಸಿಹೋದೀತು. ಬಳಿಕ ಹಳೆಯದರ ಜಾಗವನ್ನು ಕುಗ್ಗಿಸಿ ಹೊಸದಕ್ಕೆ ಪಾಲು ಕೊಡಬೇಕು. ನಮ್ಮ ಸೀಮೆಯ ಕಬ್ಬಿನ ಗದ್ದೆಯಲ್ಲಿ ಸಾಲುಗಳ ನಡುವೆ ಇನ್ನೊಂದು ಬೆಳೆ ಬೆಳೆದೀತು. ಇಲ್ಲಿ ಹಾಗಲ್ಲ: ಒಂದು ಎದ್ದಾಗ ಇನ್ನೊಂದು ಮಲಗಿರಲೇಬೇಕು. ಯಂತ್ರವನ್ನು ಹಚ್ಚಿದಾಗಲೆಲ್ಲ ಯಾವುದು ಬೇಕೆಂಬ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಕೆಲವು ಕ್ಷಣ ಕಾದು, ನಾವು ಆರಿಸದಿದ್ದರೆ ಮೊದಲೇ ಗೊತ್ತುಮಾಡಿದ್ದು ತಾನಾಗಿ ಏಳುತ್ತದೆ.

ನೀತಿಯ ಪ್ರಶ್ನೆ ಇರುವುದು ಈ ಕೆಲವು ಕ್ಷಣಗಳಲ್ಲಿ. ಎರಡನ್ನು ಇಟ್ಟುಕೊಂಡದ್ದು ತಪ್ಪಲ್ಲ. ಆರಿಸದೆ ಕುಳಿತು, ಅಭ್ಯಾಸ ಆರಿಸಿದ್ದನ್ನು ನಮ್ಮ ನಿರ್ಧಾರವೆಂದುಕೊಳ್ಳುವುದು ತಪ್ಪು. ಸಾಮಾನ್ಯವಾಗಿ ಲಿನಕ್ಸು ತನ್ನನ್ನು ಮೊದಲ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಕೆಳಗಿಳಿಸಿ ಹಳೆಯದನ್ನೇ ಮೇಲೆ ತಂದು, ವರ್ಷಗಟ್ಟಲೆ ಹೊಸದನ್ನು ಮುಟ್ಟದವರುಂಟು. ಕೇಳಿದರೆ 'ನನ್ನಲ್ಲಿ ಅದೂ ಇದೆ' ಎನ್ನುತ್ತಾರೆ. ಸಭೆಯಲ್ಲಿ ವರದಕ್ಷಿಣೆಯನ್ನು ಖಂಡಿಸಿ, ಮಗನ ಮದುವೆಯಲ್ಲಿ ಲೆಕ್ಕಕ್ಕೆ ಕೂರುವವರ ಬಳಿಯಲ್ಲಿಯೂ 'ಅದೂ ಇದೆ'. ಮನಸ್ಸಿನ ಒಂದು ಕೋಣೆಯಲ್ಲಿ ಸುಧಾರಣೆ ಅಚ್ಚುಕಟ್ಟಾಗಿ ಮಲಗಿದೆ. ಅದನ್ನು ಎಬ್ಬಿಸುವವರಿಲ್ಲ, ಅಷ್ಟೆ.

ಹಳೆಯದನ್ನು ಉಳಿಸಿಕೊಂಡದ್ದು ಋಣಕ್ಕೋ ಅನುಕೂಲಕ್ಕೋ ಎಂಬುದನ್ನು ತಿಳಿಯುವ ಬಗೆ ಸರಳವಾಗಿದೆ. ಋಣ ತೀರುವ ಕೆಲಸ ದಿನಕ್ಕಿಷ್ಟೆಂದು ನಡೆಯುತ್ತಿದೆಯೆ? ಇಂದು ನಾಲ್ಕು ಪುಟ ಯೂನಿಕೋಡಿಗೆ ಬಂದವೆ? ಬಂದಿದ್ದರೆ ಹಳೆಯದು ಇನ್ನೂ ಕೆಲವು ಕಾಲ ಗೌರವದಿಂದ ಇರಲಿ. ಬರದಿದ್ದರೆ ಅದು ಋಣವಲ್ಲ, ನೆಪ.