ಹೆರಿಸಿ ಎಂಬ ಮಾತು

ಇಂಗ್ಲಿಷ್ ಪತ್ರಿಕೆಯ ಅಡುಗೆ ಅಂಕಣವನ್ನು ಗಟ್ಟಿಯಾಗಿ ಓದುತ್ತಿದ್ದ ಮಗಳು, “ಬಿಸಿಬೇಳೆ ಬಾತಿಗೆ ಆಲೂಗಡ್ಡೆ ಹಾಕುವುದು ಹೆರಿಸಿಯಂತೆ ಕಣಮ್ಮ” ಎಂದಳು. ಹೂಬತ್ತಿ ಹೊಸೆಯುತ್ತ ಕೂತಿದ್ದ ನಮ್ಮತ್ತೆ ತಲೆಯೆತ್ತಿ, “ಯಾರನ್ನ ಹೆರಿಸಿದರಂತೆ?” ಎಂದು ಕೇಳಿದರು.

ನಕ್ಕದ್ದೇನೋ ಆಯಿತು. ಮಗಳು ಬಿಡಬೇಕಲ್ಲ, ಅರ್ಥ ಬೇಕೆಂದಳು. ನಿಘಂಟು ತೆಗೆದರೆ ‘ಪಾಷಂಡವಾದ’ ಎಂದಿತ್ತು. ಆಲೂಗಡ್ಡೆಗೂ ಪಾಷಂಡರಿಗೂ ಎಲ್ಲಿಯ ನಂಟು! ಇಂಗ್ಲಿಷ್ ಬರೆಯುವವರು ಈಗ ಈ ಮಾತನ್ನು ಕಾಫಿಗೂ ಕ್ರಿಕೆಟ್ಟಿಗೂ ಹಗುರವಾಗಿ ಬಳಸುತ್ತಾರೆ. ಒಂದು ಕಾಲಕ್ಕೆ ಈ ಮಾತು ಯಾರ ಮೇಲೆ ಬಿದ್ದರೂ ಕಟ್ಟಿಗೆ ಒಟ್ಟುತ್ತಿದ್ದರು.

ಅದರ ಮೂಲ ಮಾತ್ರ ಬಲು ಸಾಧುವಾದದ್ದು. ಗ್ರೀಕ್ ಭಾಷೆಯ ‘ಹೈರೆಸಿಸ್’ ಎಂದರೆ ಆರಿಸಿಕೊಳ್ಳುವುದು, ಅಷ್ಟೆ. ನಾವು ಸೀರೆ ಆರಿಸಿದ ಹಾಗೆ ಅಲ್ಲಿಯವರು ಒಬ್ಬ ಗುರುವನ್ನೋ ಪಂಥವನ್ನೋ ಆರಿಸಿಕೊಂಡರೆ ಆ ಪಂಥಕ್ಕೂ ಅದೇ ಹೆಸರು. ಮುಂದೆ ಕ್ರೈಸ್ತ ಸಭೆ, ಸತ್ಯ ಒಂದೇ, ಅದು ತನ್ನ ಕೈಯಲ್ಲಿದೆ ಎಂದು ನಿಶ್ಚಯಿಸಿದ ಮೇಲೆ ಆರಿಸಿಕೊಳ್ಳುವುದೇ ಅಪರಾಧವಾಯಿತು.

ನಮ್ಮ ‘ಪಾಷಂಡ’ದ ಕಥೆಯೂ ಇದೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಶೋಕನ ಶಾಸನಗಳಲ್ಲಿ ಪಾಸಂಡ ಎಂದರೆ ಪಂಥ, ಬೈಗುಳವಲ್ಲ. ಎಲ್ಲ ಪಾಸಂಡಗಳನ್ನೂ ಗೌರವಿಸುತ್ತೇನೆ ಎಂದು ತನ್ನ ಹನ್ನೆರಡನೆಯ ಶಾಸನದಲ್ಲಿ ಹೇಳುವ ಆ ರಾಜ, ತನ್ನ ಪಂಥವನ್ನು ಹೊಗಳಿ ಪರರದನ್ನು ತೆಗಳುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎನ್ನುತ್ತಾನೆ. ಆ ಶಾಸನದ ಭಾಗವೊಂದು 1986ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಗುಡಿಯ ಸೂರು ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಕ್ಷರಗಳು ಕಂಡವು. ಅದರ ಮೇಲೆ ಅದೆಷ್ಟು ಜನ ಅರಿಸಿನ ಕುಂಕುಮ ಏರಿಸಿದ್ದರೋ! ಅಶೋಕನ ನಂತರ ಸ್ಮೃತಿಕಾರರ ಕೈಯಲ್ಲಿ ಈ ಪಾಷಂಡ ವೇದವನ್ನೊಪ್ಪದವರ ಮೇಲಿನ ಬೈಗುಳವಾಯಿತು. ಎರಡು ದೇಶ, ಎರಡು ಭಾಷೆ, ಮಾತಿಗೆ ಮಾತ್ರ ಒಂದೇ ಗತಿ.

ಕ್ರೈಸ್ತ ಸಭೆ ಈ ಮಾತಿಗೆ ಹಾಕಿದ ಕಟ್ಟಳೆ ಎರಡು. ಹೊರಗಿನವರು ಹೆರಿಸಿ ಮಾಡಲಾರರು, ದೀಕ್ಷಾಸ್ನಾನ ಪಡೆದ ಒಳಗಿನವರೇ ಆಗಬೇಕು. ಇನ್ನೊಂದು, ತಪ್ಪು ತಿಳಿದುಕೊಂಡ ಮಾತ್ರಕ್ಕೆ ಅದು ಹೆರಿಸಿಯಲ್ಲ. ತಿದ್ದಿ ಹೇಳಿದ ಮೇಲೂ ‘ನನಗೆ ಕಂಡದ್ದು ಇದೇ’ ಎಂದು ಹಠ ಹಿಡಿಯಬೇಕು. ಇದನ್ನು ಓದಿದಾಗ ನಾನು ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಾರಣ ಆಮೇಲೆ ಹೇಳುತ್ತೇನೆ.

ಎಲ್ಲರಿಗೂ ಗೊತ್ತಿರುವವಳು ಜೋನ್ ಆಫ್ ಆರ್ಕ್. ನನ್ನನ್ನು ಕಾಡಿದವಳು ಅವಳಿಗಿಂತ ನೂರಿಪ್ಪತ್ತು ವರ್ಷ ಹಿಂದಿನ ಮಾರ್ಗರೀತ್ ಪೊರೆತ್. ಮದುವೆಯ ಮನೆಯನ್ನೂ ಸೇರದೆ ಕನ್ಯಾಮಠವನ್ನೂ ಸೇರದೆ ದೇವರ ಧ್ಯಾನದಲ್ಲಿ ಬದುಕುವ ಹೆಂಗಸರು ಆಗ ಅಲ್ಲಿ ಬಹಳ ಮಂದಿ ಇದ್ದರು, ಬೆಗೀನ್ ಎಂದು ಅವರನ್ನು ಕರೆಯುತ್ತಿದ್ದರು. ಇವಳನ್ನೂ ಹಾಗೇ ಕರೆದಿದ್ದಾರೆ. ಇವಳೊಂದು ಪುಸ್ತಕ ಬರೆದಳು, ಪಂಡಿತರ ಲ್ಯಾಟಿನ್‌ನಲ್ಲಲ್ಲ, ಆಡುಮಾತಾದ ಫ್ರೆಂಚಿನಲ್ಲಿ. ‘ಸರಳ ಆತ್ಮಗಳ ಕನ್ನಡಿ’ ಎಂದು ಅದರ ಹೆಸರು. ಪ್ರೀತಿ, ಆತ್ಮ, ಬುದ್ಧಿ ಈ ಮೂವರೂ ಹೆಂಗಸರಾಗಿ ಕೂತು ಮಾತಾಡುತ್ತಾರೆ. ಬಿಷಪ್ ಅದನ್ನು ವಾಲೆನ್ಸಿಯೆನ್ ಊರಿನಲ್ಲಿ ಅವಳ ಕಣ್ಣೆದುರಿಗೇ ಸುಡಿಸಿ, ಇನ್ನು ಇದನ್ನು ಹಂಚಕೂಡದು ಎಂದ. ಹಂಚಿದಳು. 1308ರಲ್ಲಿ ಹಿಡಿದು ಪ್ಯಾರಿಸ್ಸಿನಲ್ಲಿ ಸೆರೆಯಿಟ್ಟರು. ವಿಚಾರಣೆಗೆ ಪ್ರಮಾಣ ಮಾಡು ಎಂದರೆ ಮಾಡಲಿಲ್ಲ, ಉತ್ತರ ಕೊಡಲಿಲ್ಲ. ಸುಮಾರು ಒಂದೂವರೆ ವರ್ಷ ಹಾಗೇ ಕಳೆದಳು. ಇಪ್ಪತ್ತೊಂದು ಪಂಡಿತರ ಮುಂದೆ ಪುಸ್ತಕದಿಂದ ಆಯ್ದ ಕೆಲವು ಮಾತುಗಳನ್ನಿಟ್ಟು ತೀರ್ಪು ಪಡೆದರು. ಸಾರಿನಿಂದ ಮೆಣಸಿನಕಾಯಿಯೊಂದನ್ನೇ ಹೆಕ್ಕಿ ಬಾಯಿಗಿಟ್ಟು ಖಾರ ಎಂದ ಹಾಗೆ! 1310ರ ಜೂನ್ 1ರಂದು ಅವಳನ್ನು ಸುಟ್ಟರು. ನೆರೆದ ಜನ ಅತ್ತರಂತೆ.

ಪುಸ್ತಕ ಮಾತ್ರ ಉಳಿಯಿತು. ಹೆಸರಿಲ್ಲದೆ ಅದು ಮಠದಿಂದ ಮಠಕ್ಕೆ ನಡೆಯಿತು, ಲ್ಯಾಟಿನ್, ಇಟಾಲಿಯನ್, ಇಂಗ್ಲಿಷಿಗೆ ಹೋಯಿತು, ಭಕ್ತಿಗ್ರಂಥವೆಂದು ಓದಿಸಿಕೊಂಡಿತು. 1927ರಲ್ಲಿ ಅದರ ಇಂಗ್ಲಿಷ್ ಮುದ್ರಣಕ್ಕೆ ಕ್ಯಾಥೊಲಿಕ್ ಸಭೆಯೇ ಅನುಮತಿಯ ಮುದ್ರೆ ಕೊಟ್ಟಿತು. ಬರೆದವಳು ಇವಳೇ ಎಂದು ರೊಮಾನಾ ಗ್ವಾರ್ನಿಯೆರಿ ಎಂಬ ಇಟಲಿಯ ವಿದುಷಿ ಗುರುತಿಸಿದ್ದು 1946ರಲ್ಲಿ. ಅಕ್ಷರಗಳು ಅವೇ. ಹೆಸರಿದ್ದಾಗ ಬೆಂಕಿ, ಹೆಸರು ಕಳೆದಾಗ ಪೂಜೆ.

ಈಗ ನನ್ನ ಮಾತು. ನಾನು ಈ ಮನೆಗೆ ಬಂದ ಹೊಸತು. ನಮ್ಮತ್ತೆಯ ತಂಗಿ ಗಂಡನನ್ನು ಕಳೆದುಕೊಂಡು ಇಲ್ಲೇ ಇದ್ದರು. ಅವರು ಕುಂಕುಮ ತೆಗೆಯಲಿಲ್ಲ. ಕೇಳಿದವರಿಗೆ, “ಇದು ನಮ್ಮಮ್ಮ ಇಟ್ಟದ್ದು, ಅವರು ಕೊಟ್ಟದ್ದಲ್ಲ” ಎನ್ನುತ್ತಿದ್ದರು. ಹಿರಿಯರು ಮೊದಲು ಮೆಲ್ಲಗೆ ಹೇಳಿದರು, ಆಮೇಲೆ ಗಟ್ಟಿಯಾಗಿ ಹೇಳಿದರು. ಪಕ್ಕದ ಮನೆಯ ಕ್ರಿಶ್ಚಿಯನ್ ಟೀಚರು ಬೋಳುಹಣೆಯಲ್ಲಿ ಬಂದು ಕೋಸಂಬರಿ ತಿಂದು ಹೋದರೆ ಯಾರ ಧರ್ಮವೂ ಕೆಡುತ್ತಿರಲಿಲ್ಲ. ಚಿಕ್ಕತ್ತೆ ನಮ್ಮವರು, ತಿದ್ದಿ ಹೇಳಿಸಿಕೊಂಡವರು, ಕೇಳದವರು. ಎರಡೂ ಕಟ್ಟಳೆ ಸರಿಹೋದವಲ್ಲ!

ಗೌರಿಹಬ್ಬದ ಸಂಜೆ ಕುಂಕುಮದ ತಟ್ಟೆ ಹಿಡಿದು ಸಾಲಿಗೆ ಬಂದವಳು ನಾನು. ದಾಟಿಹೋಗು ಎಂದು ಯಾರೂ ನನಗೆ ಹೇಳಿರಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಅವರು ಹಣೆಯನ್ನು ತುಸು ಮುಂದೆ ಚಾಚಿದ್ದರು. ನಾನು ಅವರ ಆಚೆ ಕೂತಿದ್ದವರ ಮುಂದೆ ತಟ್ಟೆ ಹಿಡಿದೆ. ಒಳಗೊಳಗೆ ನನಗೆ ಅವರದೇ ಸರಿಯೆನಿಸಿತ್ತು. ಆದರೆ ಅವರದೇ ಸರಿ ಎಂದು ಕಾಣಿಸಿಕೊಳ್ಳುವ ಧೈರ್ಯವಿರಲಿಲ್ಲ. ಚಿಕ್ಕತ್ತೆ ಏನೂ ಅನ್ನಲಿಲ್ಲ. ಮರುದಿನ ಎಂದಿನಂತೆ ಕಾಫಿಗೆ ಕರೆದರು. ಅದರ ಬಗ್ಗೆ ಅವರಾಗಲಿ ನಾನಾಗಲಿ ಎಂದೂ ಮಾತೆತ್ತಲಿಲ್ಲ. ಮಗಳು ಹುಟ್ಟುವ ಮೊದಲೇ ತೀರಿಕೊಂಡರು.

ಈಗ ನಮ್ಮ ಮನೆಯಲ್ಲಿ ತಟ್ಟೆ ಯಾರನ್ನೂ ದಾಟುವುದಿಲ್ಲ. ಯಾವಾಗ ಬದಲಾಯಿತೆಂದು ಹೇಳಲು ಒಂದು ದಿನವಿಲ್ಲ, ಹಾಗೇ ಆಯಿತು. ಕಳೆದ ಗೌರಿಹಬ್ಬದಲ್ಲಿ ತಟ್ಟೆ ಮಗಳ ಕೈಯಲ್ಲಿತ್ತು. ಬಂದವರೊಬ್ಬರು ಮೆಚ್ಚಿಕೊಂಡು ಹೋದ ಮೇಲೆ, “ನಮ್ಮನೇಲಿ ಮೊದಲಿಂದಲೂ ಹೀಗೇನಾ?” ಎಂದು ಕೇಳಿದಳು. ನಮ್ಮತ್ತೆ ನನ್ನ ಮುಖ ನೋಡಿದರು. “ಹೂಂ” ಎಂದುಬಿಟ್ಟೆ.

ರಾತ್ರಿ ಪಾತ್ರೆ ತೊಳೆಯುವಾಗ ಅವಳನ್ನು ಹತ್ತಿರ ಕರೆದು ಚಿಕ್ಕತ್ತೆಯ ಹೆಸರು ಹೇಳಿದೆ.